ಕಾಕಾ ಬರೆದ ಬೆಂಚಿನ ಪಟ್ಟಿ

ಸೋಮವಾರ ಮಧ್ಯಾಹ್ನ ಎರಡು ಗಂಟೆ ಹತ್ತು ನಿಮಿಷಕ್ಕೆ ನಾನು ರಸಾಯನಶಾಸ್ತ್ರ ಪ್ರಯೋಗಾಲಯದ ಗೋಡೆಯಿಂದ ಒಂದು ರಟ್ಟಿನ ಹಾಳೆಯನ್ನು ಬಿಚ್ಚಿ ತೆಗೆದೆ. ಬೆಂಕಿ ಹತ್ತಿದ್ದು ಗುರುವಾರ. ಆದರೆ ಕೆಡಲು ಶುರುವಾದದ್ದು ಆ ಹೊತ್ತಿಗೇ. ಗಡಿಯಾರ ನೋಡಿದ್ದು ನನಗೆ ಸ್ಪಷ್ಟವಾಗಿ ನೆನಪಿದೆ, ಏಕೆಂದರೆ ಲ್ಯಾಬ್ ಕಾಕಾ ಚಹಾ ಕುಡಿದು ವಾಪಸು ಬರುವ ಮೊದಲು ಆ ಕೆಲಸ ಮುಗಿಸಬೇಕಿತ್ತು.

ಹಾಳೆಯಲ್ಲಿ ಇದ್ದದ್ದು ಇಷ್ಟೇ: ಹನ್ನೆರಡನೇ ತರಗತಿಯ ಇಪ್ಪತ್ತೆಂಟು ಹುಡುಗರಲ್ಲಿ ಯಾರು ಯಾವ ಬೆಂಚಿನಲ್ಲಿ, ಯಾರ ಜೊತೆ ನಿಂತು ಪ್ರಯೋಗ ಮಾಡಬೇಕು ಎನ್ನುವುದು. ಅದನ್ನು ಬರೆದವರು ಪ್ರಯೋಗಾಲಯದ ಸಹಾಯಕರು. ಆಣಂದ್ ಕಡೆಯ ಹಳ್ಳಿಯವರು, ಗುಜರಾತಿ ಕ್ರೈಸ್ತರು, ನಿವೃತ್ತಿಗೆ ಒಂದೂವರೆ ವರ್ಷ ಬಾಕಿ ಇದ್ದವರು. ಇಡೀ ಶಾಲೆಗೆ ಅವರು ಕಾಕಾ, ಚಿಕ್ಕಪ್ಪ. ಎರಡು ವರ್ಷದಿಂದ ಆ ಪಟ್ಟಿ ಅಲ್ಲೇ ಇತ್ತು. ಅದು ಹಾಗೇಕೆ ಇದೆ ಎಂದು ನಾನು ಒಮ್ಮೆಯೂ ಕೇಳಿರಲಿಲ್ಲ.

ಯಾಕೆ ತೆಗೆದೆ ಎಂದು ಹೇಳಬೇಕಾದರೆ ಪುಟಗಳ ವಿಷಯ ಹೇಳಬೇಕು.

ತೊಂಬತ್ತರ ದಶಕದ ನಡುವಿನ ಮಾತು. ಯಜಮಾನರಿಗೆ ಬ್ಯಾಂಕಿನಲ್ಲಿ ವಡೋದರಾಕ್ಕೆ ವರ್ಗವಾಗಿ ನಾವು ಗೋರ್ವಾದಲ್ಲಿ ಮನೆ ಮಾಡಿದ್ದೆವು. ಪಾದ್ರಿಗಳು ನಡೆಸುತ್ತಿದ್ದ ಗಂಡುಹುಡುಗರ ಹೈಸ್ಕೂಲೊಂದರಲ್ಲಿ ನಾನು ರಸಾಯನಶಾಸ್ತ್ರ ಕಲಿಸುತ್ತಿದ್ದೆ. ಆ ಶಾಲೆಯಲ್ಲಿ ಒಂದು ಪದ್ಧತಿ ಇತ್ತು. ಹನ್ನೆರಡನೆಯದು ಮುಗಿಸಿ ಹೊರಡುವ ಪ್ರತಿಯೊಬ್ಬ ಹುಡುಗನ ಬಗ್ಗೆಯೂ ತರಗತಿಯ ಶಿಕ್ಷಕರು ಒಂದು ಪುಟ ಬರೆಯಬೇಕು. ಬೀಳ್ಕೊಡುಗೆಯ ದಿನ ಹುಡುಗ ವೇದಿಕೆಯ ಮೇಲೆ ಬಂದು ನಿಲ್ಲುತ್ತಾನೆ, ಅವನ ಪುಟವನ್ನು ಎಲ್ಲರ ಮುಂದೆ ಓದಿ ಅವನ ಕೈಗೆ ಕೊಡುತ್ತಾರೆ. ನಿಯಮಗಳು ಮೂರು. ಅಂಕಗಳ ಮಾತು ಇರಬಾರದು, ಬುದ್ಧಿವಾದ ಇರಬಾರದು, 'ಉಜ್ವಲ ಭವಿಷ್ಯ' ಎಂಬ ಪದ ಇರಬಾರದು. ಇಪ್ಪತ್ತು ವರ್ಷ ಅದನ್ನು ಬರೆದಿದ್ದ ವಯಸ್ಸಾದ ಪಾದ್ರಿಯೊಬ್ಬರು ಆ ವರ್ಷ ಬೇರೆ ಊರಿಗೆ ಹೋಗಿದ್ದರು. ಪ್ರಿನ್ಸಿಪಾಲ್ ಫಾದರ್ ಡಿಸೆಂಬರಿನಲ್ಲಿ ನನ್ನನ್ನು ಕರೆದು, "ಈ ಸಲ ನೀವು," ಎಂದರು.

ಮನೆಗೆ ಬಂದು ಇಪ್ಪತ್ತೆಂಟು ಹಾಳೆ ತೆಗೆದು ಮೇಲೆ ಇಪ್ಪತ್ತೆಂಟು ಹೆಸರು ಬರೆದೆ. ಆಮೇಲೆ ಪೆನ್ನು ನಿಂತಿತು. ಎರಡು ವರ್ಷ ಕಲಿಸಿದ್ದೆ. ಯಾರು ಸಮತೋಲನ ಸಮೀಕರಣದಲ್ಲಿ ತಪ್ಪುತ್ತಾನೆ, ಯಾರಿಗೆ ಸಾವಯವ ರಸಾಯನ ತಲೆಗೆ ಹತ್ತುವುದಿಲ್ಲ, ಎಲ್ಲ ಗೊತ್ತಿತ್ತು. ಅದನ್ನು ಬಿಟ್ಟು ಬೇರೇನೂ ಗೊತ್ತಿರಲಿಲ್ಲ.

ಮಾರನೆಯ ದಿನ ಟೆಸ್ಟ್‌ಟ್ಯೂಬ್ ತೊಳೆಯುತ್ತಿದ್ದ ಕಾಕಾನನ್ನು ಸುಮ್ಮನೆ ಕೇಳುವಂತೆ ಕೇಳಿದೆ, "ಆ ಮೂರನೇ ಬೆಂಚಿನವನು ದಿನಾ ತಡವಾಗಿ ಬರ್ತಾನಲ್ಲ, ಯಾಕೆ?"

"ಬೇನ್, ಅವನ ತಂಗಿಗೆ ಕಾಲು ಸರಿ ಇಲ್ಲ," ಎಂದರು ಕಾಕಾ. ಗುಜರಾತಿನಲ್ಲಿ ಅಕ್ಕತಂಗಿಯರಿಗೆ ಹೇಳುವ ಹಾಗೆ ನನ್ನನ್ನು ಅವರು ಬೇನ್ ಎನ್ನುತ್ತಿದ್ದರು. "ಸೈಕಲ್ ಮೇಲೆ ಅವಳನ್ನು ಶಾಲೆಗೆ ಬಿಟ್ಟು ಬರ್ತಾನೆ. ಊರಿನ ಆ ತುದಿಗೆ. ಮಜಾ ಏನು ಗೊತ್ತಾ, ಇಡೀ ಕ್ಲಾಸಿನ ಕೈಗಡಿಯಾರ ರಿಪೇರಿ ಮಾಡೋನು ಅವನೇ."

ಆ ಪುಟ ಹತ್ತು ನಿಮಿಷದಲ್ಲಿ ಆಯಿತು. ಇನ್ನೊಬ್ಬ ಹುಡುಗ ಭಾನುವಾರದ ಪೂಜೆಯಲ್ಲಿ ಬಲಿಪೀಠದ ಹತ್ತಿರ ಗಂಟೆ ಹಿಡಿಯುವವನು. ಶನಿವಾರ ಪ್ರಾಕ್ಟಿಕಲ್ ಇದ್ದರೆ ಅವನ ಬೆರಳುಗಳು ಪರ್ಮಾಂಗನೇಟಿನಿಂದ ಕಂದುಬಣ್ಣಕ್ಕೆ ತಿರುಗಿರುತ್ತಿದ್ದವು. ಫಾದರ್ ಬೈದಾರೆಂದು ಅವನು ಕಾಕಾನ ಹತ್ತಿರ ಬಂದು ಆಕ್ಸಾಲಿಕ್ ಆಮ್ಲದಲ್ಲಿ ಬೆರಳು ತೊಳೆಸಿಕೊಂಡು ಹೋಗುತ್ತಿದ್ದನಂತೆ. ಆ ಪುಟವೂ ಆಯಿತು. ಹೀಗೆ ಐದು ಪುಟ.

ಕ್ರಿಸ್‌ಮಸ್ ರಜೆ ಮುಗಿದ ಮೇಲೆ, ಹೆಸರು ಹೇಳದೆ, ಒಂದು ಪುಟದ ನಾಲ್ಕು ಸಾಲು ತರಗತಿಯಲ್ಲಿ ಓದಿದೆ. ಮೆಚ್ಚಲಿ ಎಂಬ ಆಸೆಯಿಂದಲೇ ಓದಿದೆ. ಕೊನೆಯ ಸಾಲಿನಿಂದ ಕೂಗು ಬಂತು: "ಮಿಸ್, ಇದು ಕಾಕಾ ಹೇಳಿದ್ದು!" ಇನ್ನೊಬ್ಬ, "ಮಿಸ್ ಬರೀ ಟೈಪಿಸ್ಟ್!" ಎಂದ. ಇಡೀ ತರಗತಿ ನಕ್ಕಿತು. ನಾನೂ ನಕ್ಕೆ. ಆ ನಗುವನ್ನು ಮುಖದ ಮೇಲೆ ಹಿಡಿದು ನಿಲ್ಲಿಸಲು ಎಷ್ಟು ಕಷ್ಟವಾಯಿತು ಎಂದರೆ, ಸ್ಟಾಫ್ ರೂಮಿಗೆ ಬರುವಷ್ಟರಲ್ಲಿ ಕೆನ್ನೆ ನೋಯುತ್ತಿತ್ತು.

ಅಂದಿನಿಂದ ಕಣ್ಣಿಗೆ ಬೇರೆ ಏನೂ ಬೀಳದಾಯಿತು. ಮಧ್ಯಂತರದಲ್ಲಿ ಹುಡುಗರು ಎಲ್ಲಿ ಹೋಗುತ್ತಾರೆ? ಕಾಕಾನ ಸ್ಟೋರ್ ರೂಮಿಗೆ. ಹುಟ್ಟುಹಬ್ಬದ ಪೇಡಾ ಮೊದಲು ಯಾರಿಗೆ? ಕಾಕಾಗೆ. ನನಗೆ ಡಬ್ಬಿ ಬರುವಾಗ ಅದರಲ್ಲಿ ಮುರಿದ ಚೂರುಗಳಿರುತ್ತಿದ್ದವು. ಎಂಎಸ್ಸಿ ಮಾಡಿದವಳು ನಾನು. ಅವರು ಏಳನೇ ತರಗತಿ. ಬಾಟಲಿಗಳ ಮೇಲಿನ ಇಂಗ್ಲಿಷ್ ಚೀಟಿಗಳನ್ನು ಅಕ್ಷರ ಓದಿ ತಿಳಿಯುತ್ತಿರಲಿಲ್ಲ, ಆಕಾರ ನೋಡಿ ಗುರುತಿಸುತ್ತಿದ್ದರು. ಇಂಥ ಹೋಲಿಕೆ ಮಾಡಿಕೊಳ್ಳುತ್ತಿದ್ದೆ ಎಂದು ಬರೆಯಲು ಈಗ ನಾಚಿಕೆಯಾಗುತ್ತದೆ. ಆಗ ಬಸ್ಸಿನಲ್ಲಿ ಕೂತು ಅದನ್ನೇ ಮಾಡುತ್ತಿದ್ದೆ.

ಎಲ್ಲಕ್ಕಿಂತ ಹೆಚ್ಚು ಚುಚ್ಚಿದ್ದು ಹೋಟೆಲಿನ ಹುಡುಗನ ವಿಷಯ. ಫತೇಗಂಜ್‌ನಲ್ಲಿ ಉಡುಪಿ ಹೋಟೆಲು ನಡೆಸುತ್ತಿದ್ದವರ ಮಗ. ಆ ಶಾಲೆಯಲ್ಲಿ ಕನ್ನಡ ಬರುತ್ತಿದ್ದ ಹುಡುಗ ಅವನೊಬ್ಬನೇ. ವಡೋದರಾದಲ್ಲೇ ಬೆಳೆದವನಾದ್ದರಿಂದ ಅವನ ಕನ್ನಡ ಕುಂಟುತ್ತಿತ್ತು. ಆದರೂ ಕಾರಿಡಾರಿನಲ್ಲಿ ಸಿಕ್ಕರೆ "ಮಿಸ್, ಊಟ ಆಯ್ತಾ?" ಎಂದು ಕೇಳುತ್ತಿದ್ದ. ಇವನೊಬ್ಬ ನನ್ನವನು ಎಂದುಕೊಂಡಿದ್ದೆ. ಜನವರಿಯ ಒಂದು ದಿನ ಸ್ಟೋರ್ ರೂಮಿನ ಬಾಗಿಲ ಹತ್ತಿರ ಹೋದಾಗ ಅವನು ಕಾಕಾನ ಜೊತೆ ಗುಜರಾತಿಯಲ್ಲಿ ತಗ್ಗಿದ ದನಿಯಲ್ಲಿ ಏನೋ ಹೇಳಿಕೊಳ್ಳುತ್ತಿದ್ದ. ಕಾಕಾ ಅವನ ಬೆನ್ನು ಸವರುತ್ತಿದ್ದರು. ನನ್ನನ್ನು ಕಂಡದ್ದೇ ಇಬ್ಬರೂ ಸುಮ್ಮನಾದರು.

"ಏನೋ ಅದು?" ಎಂದೆ ಕನ್ನಡದಲ್ಲಿ.

"ನಥಿಂಗ್, ಮಿಸ್."

ಉಳಿದ ಪುಟಗಳನ್ನು ನನ್ನ ಕಣ್ಣಿನಿಂದಲೇ ನೋಡಿ ಬರೆಯುತ್ತೇನೆ ಎಂದು ಅಂದೇ ತೀರ್ಮಾನಿಸಿದೆ. ಅದಕ್ಕೆ ಮೂರು ಬದಲಾವಣೆ ಮಾಡಿದೆ. ಕಾಕಾನ ಪಟ್ಟಿ ತೆಗೆದು ಹುಡುಗರನ್ನು ಹಾಜರಿ ಸಂಖ್ಯೆಯ ಪ್ರಕಾರ ನಿಲ್ಲಿಸಿದೆ. ಹೀಗಾದರೆ ಗೆಳೆಯರ ಗುಂಪು ಒಡೆದು ಒಬ್ಬೊಬ್ಬನೂ ಬೇರೆಯಾಗಿ ಕಾಣುತ್ತಾನೆ ಎಂಬುದು ಲೆಕ್ಕ. ಎರಡನೆಯದು, ಬೋರ್ಡ್ ಪರೀಕ್ಷೆಗೆ ರಾಸಾಯನಿಕಗಳ ದಾಸ್ತಾನು ಪಟ್ಟಿ ಮಾಡಬೇಕೆಂಬ ನೆಪ ಹೇಳಿ, ಪ್ರಾಕ್ಟಿಕಲ್ ನಡೆಯುವ ಹೊತ್ತಿನಲ್ಲೇ ಕಾಕಾನನ್ನು ಸ್ಟೋರ್ ರೂಮಿನೊಳಗೆ ಕೂರಿಸಿದೆ. ಮೂರನೆಯದು, ಕಿಟಕಿಗಳನ್ನು ಮುಚ್ಚಿಸಿದೆ. ಸಂಕ್ರಾಂತಿಯ ದಿನದ ಗಾಳಿಪಟದ ಹಬ್ಬ ಉತ್ತರಾಯಣ ಮುಗಿದು ವಾರವಾದರೂ ಆಕಾಶದಲ್ಲಿ ಗಾಳಿಪಟ ಕಡಿಮೆಯಾಗಿರಲಿಲ್ಲ. ಯಾವುದಾದರೂ ಪಟದ ದಾರ ಕಡಿದರೆ ಇಪ್ಪತ್ತೆಂಟು ತಲೆಗಳೂ ಕಿಟಕಿಗೆ ತಿರುಗುತ್ತಿದ್ದವು.

ಕಾಕಾ ಖಾಲಿ ಗೋಡೆ ನೋಡಿ, "ಬೇನ್, ಪಟ್ಟಿ?" ಎಂದರು.

"ಬೋರ್ಡಿನವರು ನಂಬರ್ ಪ್ರಕಾರ ನಿಲ್ಲಿಸ್ತಾರೆ. ಈಗಿಂದಲೇ ಅಭ್ಯಾಸ ಆಗಲಿ."

ಅವರು ಹೊರಟವರು ತಿರುಗಿದರು. "ಕಿಟಕಿ ಹತ್ತಿರದ ಇಬ್ಬರನ್ನು ಮಾತ್ರ ಹಾಗೇ ಬಿಟ್ಟಿದ್ದರೆ..." ಎಂದರು.

"ಯಾಕೆ?"

"ಸುಮ್ಮನೆ." ತಲೆ ತಗ್ಗಿಸಿ ಒಳಗೆ ಹೋದರು. ಆ 'ಸುಮ್ಮನೆ'ಯನ್ನು ನಾನು ಮೊಂಡುತನ ಎಂದುಕೊಂಡೆ.

ಕಿಟಕಿ ಹತ್ತಿರದ ಇಬ್ಬರಲ್ಲಿ ಒಬ್ಬ ಹೋಟೆಲಿನ ಹುಡುಗ. ಹಾಜರಿ ಸಂಖ್ಯೆಯಲ್ಲಿ ಅವನು ಕೊನೆಯವನು. ಹಾಗಾಗಿ ಸ್ಟೋರ್ ರೂಮಿನ ಬಾಗಿಲ ಪಕ್ಕ, ಅರ್ಧ ಗೋಡೆಯ ಮರೆಯಲ್ಲಿದ್ದ ಮೂಲೆಯ ಬೆಂಚು ಅವನ ಪಾಲಿಗೆ ಬಂತು, ಒಬ್ಬನಿಗೇ.

ಆ ವಾರ ಲವಣ ವಿಶ್ಲೇಷಣೆ. ಕೊಟ್ಟ ಲವಣದಲ್ಲಿ ಯಾವ ಲೋಹವಿದೆ ಎಂದು ಕಂಡುಹಿಡಿಯಲು ದ್ರಾವಣಕ್ಕೆ ಹೈಡ್ರೋಜನ್ ಸಲ್ಫೈಡ್ ಅನಿಲ ಹಾಯಿಸಬೇಕು. ಅದರ ವಾಸನೆ ಕೊಳೆತ ಮೊಟ್ಟೆಯದು. ಅದನ್ನು ತಯಾರಿಸುವ ಗಾಜಿನ ಕಿಪ್ ಉಪಕರಣ ಹೊಗೆ ಹೊರಹಾಕುವ ಗಾಜಿನ ಗೂಡಿನೊಳಗೆ ಇರುತ್ತದೆ. ಆದರೂ ಕಿಟಕಿ ಮುಚ್ಚಿದ್ದರಿಂದ ಕೋಣೆ ತುಂಬ ನಾತ. ಮಂಗಳವಾರ ಎಲ್ಲರೂ ಮೂಗು ಹಿಡಿದು ಒದ್ದಾಡುತ್ತಿದ್ದರು. ಹೋಟೆಲಿನ ಹುಡುಗ ಮಾತ್ರ ಉಪಕರಣದ ಎದುರು ನಿಂತು ನಿಧಾನವಾಗಿ ಅನಿಲ ಹಾಯಿಸುತ್ತಿದ್ದ. ಮುಖದಲ್ಲಿ ಒಂದು ಗೆರೆ ಅಲುಗಲಿಲ್ಲ. ನನಗೆ ರೋಮಾಂಚನವಾಯಿತು. ಕಾಕಾನ ಸಹಾಯವಿಲ್ಲದೆ ನಾನೇ ಕಂಡದ್ದು! "ಈ ತರಗತಿಯ ಅತ್ಯಂತ ಗಟ್ಟಿ ಗುಂಡಿಗೆ ಇವನದು" ಎಂದು ಅವನ ಪುಟ ಶುರುಮಾಡಿದೆ.

ಗುರುವಾರ ಹನ್ನೊಂದು ಗಂಟೆ ದಾಟಿತ್ತು. ಬರ್ನರುಗಳಿಗೆ ಅನಿಲ ಬರುತ್ತಿದ್ದದ್ದು ಹೊರಗಿನ ಕಬ್ಬಿಣದ ಪಂಜರದಲ್ಲಿಟ್ಟ ಅಡುಗೆ ಅನಿಲದ ಸಿಲಿಂಡರುಗಳಿಂದ, ಕೊಳವೆಯ ಮೂಲಕ. ಪ್ರತಿ ಬೆಂಚಿಗೂ ಒಂದು ಹಿತ್ತಾಳೆ ನಲ್ಲಿ, ನಲ್ಲಿಯಿಂದ ಬರ್ನರಿಗೆ ರಬ್ಬರ್ ಟ್ಯೂಬು. ಪ್ರತಿ ಪ್ರಾಕ್ಟಿಕಲ್‌ಗೆ ಮೊದಲು ಕಾಕಾ ಎಲ್ಲ ನಲ್ಲಿಗಳಿಗೂ ಸೋಪಿನ ನೀರು ಸವರಿ ಗುಳ್ಳೆ ಏಳುತ್ತದೆಯೇ ಎಂದು ನೋಡುತ್ತಿದ್ದರು, ಟ್ಯೂಬುಗಳನ್ನು ಎಳೆದು ನೋಡುತ್ತಿದ್ದರು. ಆ ವಾರ ಅದನ್ನು ಮಾಡಲು ಅವರಿಗೆ ನಾನು ಸಮಯ ಬಿಟ್ಟಿರಲಿಲ್ಲ. ನಾನೂ ಮಾಡಲಿಲ್ಲ.

ನನ್ನ ಮೇಜಿನಿಂದ ಮೂಲೆಯ ಬೆಂಚು ಓರೆಯಾಗಿ ಕಾಣುತ್ತಿತ್ತು. ಅವನ ಬರ್ನರು ಆರಿತ್ತು. ನಲ್ಲಿಯ ಕಡೆಯಿಂದ ಟ್ಯೂಬು ಕಳಚಿ ಬೆಂಚಿನ ಹಿಂದೆ ಬಿದ್ದಿತ್ತು. ಅದು ಅವನಿಗೆ ಕಾಣಲಿಲ್ಲ, ನನಗೂ ಕಾಣಲಿಲ್ಲ. ಎಷ್ಟು ಹೊತ್ತಿನಿಂದ ಅನಿಲ ಸೋರುತ್ತಿತ್ತೋ ಗೊತ್ತಿಲ್ಲ. ಅಡುಗೆ ಅನಿಲ ಗಾಳಿಗಿಂತ ಭಾರ. ಅರ್ಧ ಗೋಡೆಯ ಮರೆಯಲ್ಲಿ ಅದು ನೆಲದ ಮೇಲೆ ನೀರಿನ ಹಾಗೆ ತುಂಬಿಕೊಳ್ಳುತ್ತಿತ್ತು. ಹೆಚ್ಚಿನ ನಾತ ನನ್ನ ಮೂಗಿಗೆ ಬಂದಿತ್ತು. ಕಿಪ್ ಇಂದು ಜೋರಾಗಿದೆ ಎಂದುಕೊಂಡು ಬರೆಯುತ್ತಲೇ ಇದ್ದೆ. ಅವನ ಪುಟವನ್ನೇ ಬರೆಯುತ್ತಿದ್ದೆ.

ಅವನು ಬೆಂಕಿಕಡ್ಡಿ ಗೀರಿದ. ಹತ್ತಲಿಲ್ಲ, ತುದಿ ಮುರಿಯಿತು. ಇನ್ನೊಂದು ಕಡ್ಡಿ ತೆಗೆದ. ಆಗ ಸ್ಟೋರ್ ರೂಮಿನ ಬಾಗಿಲು ಧಡಾರನೆ ತೆರೆಯಿತು. ಬಾಗಿಲ ಸಂದಿಯಿಂದ ಒಳಗೆ ಬಂದ ವಾಸನೆ ಯಾವುದೆಂದು ಕಾಕಾಗೆ ಗೊತ್ತಾಗಿತ್ತು.

"ದೀಕ್ರಾ, ನಹೀಂ!"

ಮಗನೇ, ಬೇಡ. ಅಷ್ಟೇ. ಕಾಕಾ ಅವನ ಕಾಲರು ಹಿಡಿದು ಅರ್ಧ ಗೋಡೆಯಿಂದ ಈಚೆಗೆ ಎಸೆದದ್ದು ನೋಡಿದೆ. ಅಷ್ಟರಲ್ಲಿ ಎರಡನೆಯ ಕಡ್ಡಿ ಹತ್ತಿ ಅವನ ಕೈಯಿಂದ ಜಾರಿತ್ತು. ದೊಡ್ಡ ಸದ್ದೇನೂ ಬರಲಿಲ್ಲ. ಯಾರೋ ಒದ್ದೆ ಕಂಬಳಿ ಕೊಡವಿದ ಹಾಗೆ ಒಂದು ಸದ್ದು. ಮೂಲೆಯ ನೆಲ ನೀಲಿಯಾಯಿತು. ಆ ನೀಲಿಯ ನಡುವೆ ಕಾಕಾ ಚಪ್ಪಲಿ ಹಾಕಿದ ಕಾಲುಗಳಲ್ಲಿ ನಿಂತಿದ್ದರು. ಓಡಲಿಲ್ಲ. ಅದರಲ್ಲೇ ನಾಲ್ಕು ಹೆಜ್ಜೆ ನಡೆದು ಗೋಡೆಯ ಮೇಲಿನ ಮುಖ್ಯ ವಾಲ್ವ್ ತಿರುಗಿಸಿದರು. ಆಮೇಲೆ ಕೆಳಗೆ ಕೂತರು.

ನಾನು ಏನು ಮಾಡಿದೆ? ಪೆನ್ನಿನ ಮುಚ್ಚಳ ಹಾಕಿದೆ. ಮೊದಲು ಮಾಡಿದ ಕೆಲಸ ಅದು. ಆಮೇಲೆ ಹುಡುಗರನ್ನು ಹೊರಗೆ ಕಳಿಸಿದ್ದು, ಮರಳಿನ ಬಕೆಟ್ ಸುರಿದದ್ದು, ಕಾಕಾನ ಕಾಲಿಗೆ ನೀರು ಹಾಕುತ್ತ ಕೂತದ್ದು. ಆದರೆ ಮನಸ್ಸಿನಲ್ಲಿ ಅದು ಮತ್ತೆ ಮತ್ತೆ ನಡೆಯುವಾಗ ನಾನು ಪ್ರತಿ ಸಲವೂ ಮುಚ್ಚಳವನ್ನೇ ಹಾಕುತ್ತಿರುತ್ತೇನೆ.

ಹುಡುಗನಿಗೆ ಮೊಣಕೈ ತರಚಿದ್ದು ಬಿಟ್ಟರೆ ಏನೂ ಆಗಿರಲಿಲ್ಲ. ಕಾಕಾನ ಎರಡೂ ಪಾದ, ಬಲಗಾಲಿನ ಮೀನಖಂಡ ಸುಟ್ಟಿದ್ದವು.

ಶನಿವಾರ ಅಹಮದಾಬಾದಿನಿಂದ ಆಡಳಿತ ಸಮಿತಿಯ ಇಬ್ಬರು ಬಂದರು. ಫಾದರ್ ನನ್ನನ್ನು ಕರೆದು ಹೇಳಿದ್ದು ಇಷ್ಟು. ಅನಿಲದ ಕೊಳವೆಯ ಜವಾಬ್ದಾರಿ ಸಹಾಯಕನದು. ಘಟನೆ ನಡೆದಾಗ ಅವನು ತನ್ನ ಜಾಗದಲ್ಲಿ ಇರಲಿಲ್ಲ. ಟ್ಯೂಬನ್ನು ತಾನು ನೋಡಬೇಕಿತ್ತು ಎಂದು ಆಸ್ಪತ್ರೆಯಲ್ಲಿ ಅವನೇ ಒಪ್ಪಿಕೊಂಡಿದ್ದಾನೆ. ಕೆಲಸದಿಂದ ತೆಗೆಯುವುದೊಂದೇ ದಾರಿ.

"ಫಾದರ್, ಅವರನ್ನು ಸ್ಟೋರ್ ರೂಮಿಗೆ ಕಳಿಸಿದವಳು ನಾನು."

"ದಾಸ್ತಾನು ಪಟ್ಟಿಗೆ. ಅದು ಸರಿಯಾದ ಆದೇಶವೇ," ಎಂದರು ಫಾದರ್. ಸಮಿತಿಯವರಲ್ಲೊಬ್ಬರು ಕೇಳಿದರು, "ಅನಿಲ ಅಷ್ಟು ಹೊತ್ತು ಸೋರಿದ್ದರೆ ಅದರ ಮಧ್ಯೆ ನಿಂತ ಹುಡುಗನಿಗೆ ತಿಳಿಯಬೇಕಿತ್ತಲ್ಲ? ಒಂದೋ ಅವನು ಬೇಕೆಂದೇ ತುಂಟತನ ಮಾಡಿದ್ದಾನೆ, ಇಲ್ಲವೋ ಸೋರಿದ್ದು ಸ್ಟೋರಿನ ಕಡೆಯಿಂದ, ಸಹಾಯಕನ ಕೈಯಿಂದ. ಯಾವುದು?"

ವಿಚಾರಿಸಿ ವರದಿ ಕೊಡುತ್ತೇನೆ ಎಂದೆ. ಬುಧವಾರದವರೆಗೆ ಸಮಯ ಕೊಟ್ಟರು.

ಆಸ್ಪತ್ರೆಗೆ ಹೋದೆ. ಕಾಕಾನ ಕಾಲುಗಳ ಮೇಲೆ ಬಟ್ಟೆ ತಾಗದಂತೆ ಕಮಾನಿನ ಚೌಕಟ್ಟು ಇಟ್ಟಿದ್ದರು. ಮೇಜಿನ ಮೇಲೆ ಹುಡುಗರು ತಂದಿಟ್ಟ ಕಿತ್ತಳೆ, ಚೀಟಿಗಳು, ಒಂದು ಹರಿದ ಗಾಳಿಪಟ. ಅದನ್ನು ನೋಡಿದಾಗಲೂ, ಆ ಸ್ಥಿತಿಯಲ್ಲೂ, ನನ್ನೊಳಗೆ ಅದೇ ಹಳೆಯ ಮುಳ್ಳು ಆಡಿತು. ನಾನು ಬಿದ್ದಿದ್ದರೆ ಇಷ್ಟು ಕಿತ್ತಳೆ ಬರುತ್ತಿತ್ತೇ?

"ಅವನು ಯಾಕೆ ಕಡ್ಡಿ ಗೀರಿದ, ಕಾಕಾ? ನಿಮಗೆ ಗೊತ್ತು."

"ಮಾತು ಕೊಟ್ಟಿದ್ದೇನೆ, ಬೇನ್."

"ನಿಮ್ಮ ಕೆಲಸ ಹೋಗ್ತಿದೆ."

"ಒಂದೂವರೆ ವರ್ಷ ತಾನೇ."

ನಾನು ಎದ್ದು ಹೋಗಲಿಲ್ಲ. ನರ್ಸು ಬಂದು ಹೋದ ಮೇಲೆ ಅವರೇ ಹೇಳಿದರು. "ಅವನಿಗೆ ವಾಸನೆ ತಿಳಿಯಲ್ಲ, ಬೇನ್. ಒಂಬತ್ತು ವರ್ಷದವನಿದ್ದಾಗ ಹೋಟೆಲಿನ ಅಟ್ಟದಿಂದ ಬಿದ್ದು ತಲೆಯ ಹಿಂಭಾಗಕ್ಕೆ ಪೆಟ್ಟಾಗಿತ್ತು. ಅಂದಿನಿಂದ ಇಲ್ಲ. ಅವರಪ್ಪನಿಗೂ ಗೊತ್ತಿಲ್ಲ. ಹನ್ನೊಂದನೇ ಕ್ಲಾಸಲ್ಲಿ ಕಿಪ್ ಹತ್ತಿರ ನಿಂತು ಪೂರಿ ತಿಂತಿದ್ದ. ನಂಗೆ ಅನುಮಾನ ಬಂತು. ಲವಂಗದ ಎಣ್ಣೆ ಬಾಟಲಿ, ಸೀಮೆಎಣ್ಣೆ ಬಾಟಲಿ ಎರಡೂ ಮೂಗಿಗೆ ಹಿಡಿದೆ. ಅವನು ಬಾಟಲಿ ನೋಡಲಿಲ್ಲ, ನನ್ನ ಮುಖ ನೋಡ್ತಿದ್ದ. ಆಮೇಲೆ ಅತ್ತುಬಿಟ್ಟ. ಅದಕ್ಕೇ ಕಿಟಕಿ ಬೆಂಚು, ಜೊತೆಗೆ ವಾಸನೆ ಬಂದರೆ ಕೂಗಿ ಹೇಳೋ ಒಬ್ಬ ಮಾತುಗಾರ."

ಪಟ್ಟಿಯಲ್ಲಿ ಹೀಗೆ ಇನ್ನೂ ಏನೇನಿತ್ತು ಎಂದು ಕೇಳಿದೆ. ಹೇಳಿದರು. ಒಬ್ಬನಿಗೆ ಅಪಸ್ಮಾರ, ಅವನು ಯಾವತ್ತೂ ಆಮ್ಲದ ಕಪಾಟಿನಿಂದ ದೂರ. ಒಬ್ಬನಿಗೆ ಕೆಂಪು-ಹಸಿರು ಬೇರೆಯಾಗಿ ಕಾಣುವುದಿಲ್ಲ, ಅವನ ಪಕ್ಕ ಬಣ್ಣ ಹೇಳಬಲ್ಲ ಗೆಳೆಯ. ಆ ರಟ್ಟಿನ ಹಾಳೆಯನ್ನು ನಾನು ಎರಡಾಗಿ ಮಡಚಿ ಕಸದ ಬುಟ್ಟಿಗೆ ಹಾಕಿದ್ದೆ. ನಾಚಿಕೆಯಾಗಬೇಕಿತ್ತು. ಆಯಿತು ಕೂಡ. ಆದರೆ ಅದಕ್ಕಿಂತ ಮೊದಲು ಬಂದದ್ದು, ನನಗೆ ಯಾಕೆ ಹೇಳಲಿಲ್ಲ ಎಂಬ ಉರಿ. ಕನ್ನಡದ ಹುಡುಗ, ತನ್ನ ಗುಟ್ಟನ್ನು ಗುಜರಾತಿಯಲ್ಲಿ ಹೇಳಿಕೊಂಡಿದ್ದ.

ಮನೆಯಲ್ಲಿ ರಾತ್ರಿ ಸರಿಯಾಗಿ ಮಲಗುತ್ತಿರಲಿಲ್ಲ. ಅಡುಗೆಮನೆಗೆ ಹೋಗಿ ಸಿಲಿಂಡರಿನ ರೆಗ್ಯುಲೇಟರ್ ಮುಟ್ಟಿ ನೋಡಿ ಬರುವುದು, ಮತ್ತೆ ಅರ್ಧ ಗಂಟೆಗೆ ಏಳುವುದು. "ಏನೇ ಇದು, ಸಿಲಿಂಡರಿಗೆ ಜ್ವರ ಬಂದಿದ್ಯಾ?" ಎನ್ನುತ್ತಿದ್ದರು ಯಜಮಾನರು.

"ರೀ, ನಾನು ಸುಮ್ಮನಿದ್ದರೆ ಕಾಕಾ ಕೆಲಸ ಹೋಗುತ್ತೆ. ಹೇಳಿದರೆ ಹುಡುಗನ ಗುಟ್ಟು ಹೋಗುತ್ತೆ."

"ಗುಟ್ಟು ಅವನದು ತಾನೇ? ಅವನನ್ನೇ ಕೇಳು."

ಸೋಮವಾರ ಅವನನ್ನು ಖಾಲಿ ತರಗತಿಗೆ ಕರೆದೆ. ಕಾಕಾಗೆ ಏನಾಗಲಿದೆ ಎಂಬುದನ್ನು ಮುಚ್ಚದೆ ಹೇಳಿದೆ. ಅವನ ಗುಟ್ಟು ನನಗೆ ತಿಳಿದಿದೆ ಎಂದೂ, ಅವನು ಬೇಡ ಎಂದರೆ ಯಾರಿಗೂ ಹೇಳುವುದಿಲ್ಲ ಎಂದೂ ಹೇಳಿದೆ. ಅವನು ಬೆಂಚಿನ ಮೇಲಿನ ಗೀರುಗಳನ್ನು ಉಗುರಿನಿಂದ ಕೆರೆಯುತ್ತ ಕೂತ.

"ಮಿಸ್, ಅಪ್ಪ ಕಿಚನ್‌ನಲ್ಲಿ ಎಲ್ಲ ಮೂಸೇ ನೋಡೂದು. ಸಾಂಬಾರ್, ತುಪ್ಪ, ಎಲ್ಲ. ಟ್ವೆಲ್ತ್ ಆದ್ಮೇಲೆ ನಾನೇ ಕೂತ್ಕೊಳ್ಬೇಕು. ನಂಗೆ ಸ್ಮೆಲ್ ಬರೂದಿಲ್ಲ ಅಂದ್ರೆ..." ಉಳಿದದ್ದನ್ನು ಹಿಂದಿಯಲ್ಲಿ ಹೇಳಿದ: ಅಪ್ಪನ ಮುಖ ನೋಡಲಾಗದು.

"ನಿಮ್ಮ ಕಿಚನ್‌ನಲ್ಲಿ ಎಷ್ಟು ಸಿಲಿಂಡರ್ ಇದೆ?"

"ಎಂಟು," ಎಂದ. ಹೇಳಿ ಮುಗಿಸಿದ ಮೇಲೆ ನನ್ನ ಮುಖವನ್ನೇ ನೋಡಿದ. "ಅಪ್ಪನ ಹತ್ರ ನೀವೂ ಬರ್ತೀರಾ?" ಎಂದ.

ಸಂಜೆ ಜನ ಕಡಿಮೆಯಿದ್ದ ಹೊತ್ತಿಗೆ ಹೋದೆವು. ತಂದೆ ಗಲ್ಲಾದಿಂದ ಎದ್ದು ಬಂದು, "ಬನ್ನಿ ಬನ್ನಿ ಟೀಚರ್, ಕಾಫಿ ತಕೊಳ್ಳಿ. ಇವ ಎಂತ ಮಾಡಿದ ಪುನಃ?" ಎಂದರು. ನಾನು ಬಾಯಿ ತೆರೆಯುವ ಮೊದಲೇ ಹುಡುಗ ತುಳುವಿನಲ್ಲಿ ಎರಡೇ ವಾಕ್ಯ ಹೇಳಿದ. ಅವರು ಕೈಯಲ್ಲಿದ್ದ ಒರೆಸುವ ಬಟ್ಟೆಯನ್ನು ಮಡಚಿದರು, ಬಿಚ್ಚಿದರು, ಮತ್ತೆ ಮಡಚಿದರು.

"ಒಂಬತ್ತು ವರ್ಷದಿಂದವಾ? ಎಂಥ ಮಾರಾಯ ನೀನು! ಮೊನ್ನೆ ಸಾಂಬಾರು ಮೂಸಿ ನೋಡು ಅಂದಾಗ 'ಫಸ್ಟ್ ಕ್ಲಾಸ್, ಇಂಗು ಸ್ವಲ್ಪ ಕಮ್ಮಿ' ಅಂದದ್ದು ಯಾರು?"

"ನೀವು ಮುಖ ಹಾಗೆ ಮಾಡಿದ್ರಿ, ಅಪ್ಪ. ಇಂಗು ಕಮ್ಮಿ ಇದ್ರೆ ನಿಮ್ಮ ಎಡಗಡೆ ಹುಬ್ಬು ಮೇಲೆ ಹೋಗ್ತದೆ."

ತಂದೆ ನನ್ನ ಕಡೆ ತಿರುಗಿದರು. "ನೋಡಿ ಟೀಚರ್, ಇಷ್ಟು ಬುದ್ಧಿ ಉಂಟು. ನನ್ನತ್ರ ಹೇಳ್ಲಿಕ್ಕೆ ಎಂತ ಆಗಿತ್ತು ಇವನಿಗೆ?" ಒಳಗೆ ಹೋಗಿ ಅಡುಗೆಯವನಿಗೆ ಯಾವುದಕ್ಕೋ ಬೈದು ಬಂದರು. ಬಂದವರೇ, "ಆ ಕಾಕನ ಕಾಲು ಸುಟ್ಟದ್ದು ಇವನಿಂದವಾ?" ಎಂದರು.

"ಇವನಿಂದಲ್ಲ. ನನ್ನಿಂದ," ಎಂದೆ. ಬೇರೆಯವರ ಎದುರು ಇಷ್ಟು ನೇರವಾಗಿ ನಾನು ಅದನ್ನು ಹೇಳಿದ್ದು ಅದೇ ಮೊದಲು.

ಅಂದು ಕೂತು ವರದಿ ಬರೆದೆ. ಸಮಿತಿ ಕೇಳದೇ ಇದ್ದದ್ದನ್ನೂ ಬರೆದೆ: ದಾಸ್ತಾನು ಪಟ್ಟಿಗೆ ಆ ವಾರ ಅವಸರವೇ ಇರಲಿಲ್ಲ, ಅದು ಸಹಾಯಕರನ್ನು ಹುಡುಗರಿಂದ ದೂರ ಇಡಲು ನಾನು ಹುಡುಕಿದ ನೆಪ. ಸುರಕ್ಷತೆಗಾಗಿ ಅವರು ಮಾಡಿದ್ದ ಬೆಂಚಿನ ಪಟ್ಟಿಯನ್ನು ಕಾರಣ ಕೇಳದೆ ತೆಗೆದೆ. ಕಿಟಕಿ ಮುಚ್ಚಿಸಿದೆ. ಟ್ಯೂಬು ಪರೀಕ್ಷಿಸಲಿಲ್ಲ. ಇದಕ್ಕೆಲ್ಲ ಕಾರಣ ಏನು ಎಂಬ ಕಡೆ ಬಂದಾಗ ಎರಡು ಸಲ ಹಾಳೆ ಹರಿದೆ. ಮೂರನೆಯ ಸಲ 'ಅಸೂಯೆ' ಎಂದೇ ಬರೆದೆ.

ಬುಧವಾರ ತಂದೆ ಮಗ ಇಬ್ಬರೂ ಬಂದರು. ಹುಡುಗ ಸಮಿತಿಯ ಮುಂದೆ ತಾನೇ ಮಾತಾಡಿದ. ಅವರು ನಂಬದೆ, ಅವನ ಕಣ್ಣಿಗೆ ಕರವಸ್ತ್ರ ಕಟ್ಟಿಸಿ, ಪ್ರಯೋಗಾಲಯದಿಂದ ಕೊಳೆತ ಮೊಟ್ಟೆಯ ನಾತದ ದ್ರಾವಣ ತರಿಸಿ ಮೂಗಿನ ಹತ್ತಿರ ಹಿಡಿಸಿದರು. ಫಾದರ್ ಕುರ್ಚಿಯಿಂದ ಹಿಂದೆ ಸರಿದರು. ಹುಡುಗ, "ಹಿಡಿದ್ರಾ?" ಎಂದು ಕೇಳಿದ.

ನನ್ನ ವರದಿ ಓದಿದ ಫಾದರ್ ಕೊನೆಯ ಪದದ ಮೇಲೆ ಬೆರಳಿಟ್ಟು, "ಇದನ್ನು ಹೊಡೆದುಹಾಕಬಹುದು. ವರದಿಗೆ ಅಗತ್ಯವಿಲ್ಲ," ಎಂದರು.

"ಇರಲಿ, ಫಾದರ್."

ಮುಂದಿನ ವರ್ಷದಿಂದ ನನಗೆ ತರಗತಿಯ ಜವಾಬ್ದಾರಿ ಇರುವುದಿಲ್ಲ, ಪ್ರಯೋಗಾಲಯದಲ್ಲಿ ಇನ್ನೊಬ್ಬರ ಕೈಕೆಳಗೆ ಕೆಲಸ ಮಾಡಬೇಕು ಎಂದು ತೀರ್ಮಾನವಾಯಿತು. ಕಾಕಾನ ಕೆಲಸ ಉಳಿಯುತ್ತದೆಯೇ ಎಂಬುದನ್ನು ಅಂದು ಹೇಳಲಿಲ್ಲ, ಅಹಮದಾಬಾದಿಗೆ ಹೋಗಿ ತಿಳಿಸುತ್ತೇವೆ ಎಂದರು. ಹದಿನೈದು ದಿನ ತಿಳಿಸಲಿಲ್ಲ. ಆ ಹದಿನೈದು ದಿನದಲ್ಲಿ ನಾನು ಉಳಿದ ಪುಟಗಳನ್ನು ಬರೆದೆ. ದಿನಾ ಆಸ್ಪತ್ರೆಗೆ ಹೋಗಿ, ಕಾಕಾ ಹೇಳಿದ್ದನ್ನು ಟಿಪ್ಪಣಿ ಮಾಡಿಕೊಂಡು. ಟೈಪಿಸ್ಟ್ ಎಂದಿದ್ದ ಹುಡುಗನ ಪುಟವನ್ನೂ ಹಾಗೇ ಬರೆದೆ. ಶಾಲೆಯ ಹಿಂದಿನ ಬೇವಿನ ಮರದಲ್ಲಿ ಗಾಜಿನ ಪುಡಿ ಹಚ್ಚಿದ ಮಾಂಜಾ ದಾರಕ್ಕೆ ಸಿಕ್ಕಿಕೊಂಡ ಪಾರಿವಾಳಗಳನ್ನು ಬಿಡಿಸಲು ಮರ ಹತ್ತುವವನು ಅವನಂತೆ, ಅವನ ಅಂಗೈಯಲ್ಲಿದ್ದ ಗಾಯದ ಗೆರೆಗಳು ಆ ದಾರದವು. ಆ ಅಂಗೈಗಳನ್ನು ಎರಡು ವರ್ಷ ನೋಡಿದ್ದೆ, ಜಗಳಗಂಟ ಎಂದುಕೊಂಡಿದ್ದೆ.

ಬೀಳ್ಕೊಡುಗೆಯ ಹಿಂದಿನ ದಿನ ಕಾಗದ ಬಂತು. ಕಾಕಾ ನಿವೃತ್ತಿಯವರೆಗೂ ಇರುತ್ತಾರೆ, ರಜೆಯ ಸಂಬಳವೂ ಸಿಗುತ್ತದೆ ಎಂದು.

ಮಾರನೆಯ ದಿನ ಅವರು ರಬ್ಬರ್ ಚಪ್ಪಲಿಯಲ್ಲಿ, ಸಡಿಲ ಪಟ್ಟಿ ಸುತ್ತಿದ ಪಾದಗಳಲ್ಲಿ ಬಂದು ಸಭಾಂಗಣದ ಕೊನೆಯ ಸಾಲಿನಲ್ಲಿ ಕೂತರು. ನಾನು ಇಪ್ಪತ್ತೇಳು ಪುಟ ಓದಿದೆ. ಹುಡುಗರು ನಕ್ಕರು, ಕೆಲವರು ಟೈ ಸರಿಮಾಡಿಕೊಳ್ಳುವ ನೆಪದಲ್ಲಿ ಕಣ್ಣು ಒರೆಸಿಕೊಂಡರು. ಇಪ್ಪತ್ತೆಂಟನೆಯದು ಹೋಟೆಲಿನ ಹುಡುಗನದು. ಹಳೆಯ ಪುಟವನ್ನು ಹರಿದು ಹಾಕಿದ್ದೆ. ಹೊಸದರಲ್ಲಿ ಇದ್ದದ್ದು ಸ್ವಲ್ಪವೇ, ಅವನ ಅನುಮತಿ ಕೇಳಿ ಬರೆದದ್ದು:

"ಇವನಿಗೆ ವಾಸನೆ ತಿಳಿಯುವುದಿಲ್ಲ. ಒಂಬತ್ತು ವರ್ಷದಿಂದ ನಮ್ಮೆಲ್ಲರ ಮುಖ ನೋಡಿ ಊಹಿಸುತ್ತ ಬಂದಿದ್ದಾನೆ. ಹಾಗಾಗಿ ನಾವು ಒಬ್ಬರನ್ನೊಬ್ಬರು ನೋಡಿದ್ದಕ್ಕಿಂತ ಹೆಚ್ಚಾಗಿ ಇವನು ನಮ್ಮನ್ನು ನೋಡಿದ್ದಾನೆ. ನಿಮ್ಮ ಮುಖ ಹೇಗಿದೆ ಎಂದು ತಿಳಿಯಬೇಕಾದರೆ ಇವನನ್ನು ಕೇಳಿ."

ಸಭಾಂಗಣದ ಬೆಂಚುಗಳ ಮೇಲೆ ಬಡಿತ ಶುರುವಾಯಿತು. ಅವನು ಪುಟ ತೆಗೆದುಕೊಳ್ಳುವಾಗ ನನ್ನ ಮುಖ ನೋಡಿದ. "ಮಿಸ್, ಈಗಲೂ ಜೆಲಸ್ ಇದ್ದೀರಿ," ಎಂದ ಮೆಲ್ಲಗೆ.

"ಹೋಗೋ," ಎಂದೆ.

ಹೋದ. ಇಪ್ಪತ್ತೆಂಟು ಜನವೂ ಪುಟ ಹಿಡಿದು ಕೊನೆಯ ಸಾಲಿಗೆ ಓಡಿದರು, ಕಾಕಾಗೆ ಓದಿ ಹೇಳಲು. ನಾನು ಖಾಲಿ ಕೈಯಲ್ಲಿ ವೇದಿಕೆಯ ಮೇಲೆ ನಿಂತಿದ್ದೆ. ಅವನು ಹೇಳಿದ್ದು ನಿಜ. ಈಗಲೂ ಉರಿಯುತ್ತಿತ್ತು. ಆದರೆ ಗುಂಪಿನ ನಡುವೆ 'ದೀಕ್ರಾ, ಕಾಲು ತುಳೀಬೇಡ್ರೋ' ಎಂಬ ದನಿ ಕೇಳುತ್ತಿತ್ತು. ಆ ದನಿ ಅಲ್ಲಿ ಇತ್ತು.

ಮಾರನೆಯ ದಿನ ಭಾನುವಾರ. ಕಣ್ಣು ಬಿಟ್ಟಾಗ ಎಂಟೂವರೆ. ಬಿಸಿಲು ಹಾಸಿಗೆಯ ಮೇಲಕ್ಕೆ ಬಂದಿತ್ತು. ಯಜಮಾನರು ತಾವೇ ಕಾಫಿ ಬೆರೆಸಿಕೊಂಡು ಬಾಗಿಲಲ್ಲಿ ನಿಂತಿದ್ದರು.

"ರಾತ್ರಿ ಎಷ್ಟು ಸಲ ಎದ್ದೆ?" ಎಂದು ಕೇಳಿದರು.

ನೆನಪಿಸಿಕೊಳ್ಳಲು ನೋಡಿದೆ. ಒಂದೂ ಸಿಗಲಿಲ್ಲ.